ಬೈಕಿಗೆ ಯಾವ ಎಂಜಿನ್ ಆಯಿಲ್?
ಕಾರಿಗೆ ಹಾಕಿ ಉಳಿದ ಆಯಿಲ್ಅನ್ನು ಬೈಕಿಗೆ ಸುರಿಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅದನ್ನು ಬಿಡಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ರಸ್ತೆಗಳ ಮೇಲಿನ ಹೆಚ್ಚಿನ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್ ಮತ್ತು ಕ್ಲಚ್ ಮೂರಕ್ಕೂ ಒಂದೇ ಆಯಿಲ್ ಸಾಗುತ್ತದೆ. ಇಂಧನ ಉಳಿಸಲೆಂದು ಕಾರಿನ ಅನೇಕ ಆಯಿಲ್‌ಗಳಲ್ಲಿ ಬೆರೆಸುವ, ಘರ್ಷಣೆ ತಗ್ಗಿಸುವ ರಾಸಾಯನಿಕಗಳು ಕ್ಲಚ್ ಪ್ಲೇಟುಗಳ ಹಿಡಿತವನ್ನೂ ಸಡಿಲಿಸಬಲ್ಲವಾದ್ದರಿಂದ, ಘಾಟಿಯ ಏರಿನಲ್ಲಿ ಎಂಜಿನ್ ಅಬ್ಬರಿಸಿದರೂ ಗಾಡಿ ಎಳೆಯದಂತಾಗುತ್ತದೆ. ಆದ್ದರಿಂದ ಡಬ್ಬದ ಹಿಂಬದಿಯಲ್ಲಿ ‘ಜಾಸೋ ಎಂಎ’ (JASO MA) ಅಥವಾ ‘ಎಂಎ2’ ಎಂದು ಇದೆಯೇ ನೋಡಬೇಕು; ಇಂಥ ಕ್ಲಚ್‌ಗೆ ಹೊಂದುವ ಆಯಿಲ್ ಎಂದು ತಿಳಿಸುವ ಜಪಾನಿನ ಮಾನದಂಡದ ಗುರುತು ಅದು. ‘ಎಂಬಿ’ ಗುರುತಿನದು ಗೇರಿಲ್ಲದ ಸ್ಕೂಟರ್‌ಗಳಿಗೆ.

ಇನ್ನು 10ಡಬ್ಲ್ಯು-30 ಎಂಬ ಗ್ರೇಡಿನಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಬಗೆಯನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಮಂದತೆಯನ್ನೂ ಸೂಚಿಸುತ್ತದೆ. ಕಲಬುರಗಿಯ ಬಿಸಿಲಿಗೆ ಮಂದವಾದ ಆಯಿಲೇ ಲೇಸೆಂದು 20ಡಬ್ಲ್ಯು-50 ಹಾಕಿಸುವವರಿದ್ದಾರೆ. ಆದರೆ ಕಿರಿದಾದ ಆಯಿಲ್ ದಾರಿಗಳಿರುವ ಈಗಿನ ಎಂಜಿನ್‌ನಲ್ಲಿ ಮಂದ ಆಯಿಲ್ ಬೆಳಗಿನ ಸ್ಟಾರ್ಟ್‌ನಲ್ಲಿ ಎಂಜಿನ್‌ನ ಮೇಲ್ಭಾಗದಲ್ಲಿ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ವರೆಗೆ ಏರಲು ತಡಮಾಡುತ್ತದೆ. ಕೈಪಿಡಿಯಲ್ಲಿ ಹೇಳಿದ ಗ್ರೇಡನ್ನೇ ನಾನು ನಂಬುತ್ತೇನೆ.

ಆಯಿಲ್ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ, ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೂ ಅದರ ಕೆಲಸವೇ. ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ನೀರು ಸೇರಿದೆಯೆಂದು ಶಂಕಿಸಿ, ಮೆಕ್ಯಾನಿಕ್‌ಗೆ ಕೂಡಲೇ ತೋರಿಸಬೇಕು.