ರೆಡಿಮೇಡ್ ಕ್ಯಾಂಪರ್ ಬಿಟ್ಟು ಹಳೇ ಸ್ಕೂಲ್ ಬಸ್ಸೇ ಯಾಕೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ರೆಡಿಮೇಡ್ ಕ್ಯಾಂಪರ್‌ಗಳು ಬೇಕಾದಷ್ಟು ಸಿಗುವ ದೇಶದಲ್ಲಿದ್ದುಕೊಂಡು ಈ ಹಳೇ ಸ್ಕೂಲ್ ಬಸ್ಸಿನ ಹಿಂದೆ ಯಾಕೆ ಬಿದ್ದಿರಿ?" ಮಲಗಲು, ಅಡುಗೆ ಮಾಡಲು ಸೌಕರ್ಯವಿರುವ ಪ್ರವಾಸದ ಗಾಡಿಯೇ ಕ್ಯಾಂಪರ್. ಹಳೇ ಸ್ಕೂಲ್ ಬಸ್ಸನ್ನು ನಾವೇ ಅಂಥ ಓಡುವ ಮನೆಯಾಗಿ ಮಾಡಿಕೊಳ್ಳಲು ಹೊರಟು, ಅಮೆರಿಕದ ಕೊಲೊರಾಡೊದ ನಮ್ಮ ಮನೆ ಮುಂದೆ ಅದು ಬಂದು ನಿಂತಾಗಿನಿಂದ ಇದನ್ನು ಕೇಳದವರಿಲ್ಲ. ಕನ್ನಡ ಸಂಘದ ಯುಗಾದಿ ಊಟಕ್ಕೆ ಹೋದರೆ ಅಲ್ಲೂ ಇದೇ, ಪೆಟ್ರೋಲ್ ಬಂಕಿನಲ್ಲಿ ನಿಂತರೆ ಅಲ್ಲೂ ಇದೇ. ಹಾಸನದಿಂದ ದೊಡ್ಡಮ್ಮ ವಿಡಿಯೊ ಕಾಲ್ ಮಾಡಿದಾಗಲೆಲ್ಲ "ಆ ಗುಜರಿ ಬಸ್ಸಿಗೆ ಇನ್ನೂ ದುಡ್ಡು ಸುರೀತಾನೇ ಇದೀರೇನೇ?" ಎಂದು ವಿಚಾರಿಸುತ್ತಾರೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಅದರ ಮೈಕಟ್ಟು ನೋಡಿ ಮನಸೋತೆವು. ಉಳಿದದ್ದನ್ನು ನಿಂತಲ್ಲೇ ಹೇಳಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ಮಾರುವ ಸಾಧಾರಣ ಬೆಲೆಯ ಕ್ಯಾಂಪರ್‌ನ ಗೋಡೆ ಬಿಚ್ಚಿ ನೋಡಿದರೆ ಒಳಗೆ ಮರದ ಪಟ್ಟಿ ಇಲ್ಲವೇ ತೆಳು ಅಲ್ಯೂಮಿನಿಯಂ ಚೌಕಟ್ಟು, ಅದರ ಮೇಲೆ ತೆಳ್ಳನೆಯ ಪ್ಲೈವುಡ್, ಅದಕ್ಕೆ ಅಂಟಿಸಿದ ಫೈಬರ್‌ಗ್ಲಾಸ್ ಹಾಳೆ ಕಾಣುತ್ತವೆ. ಗಾಡಿ ಹಗುರವಿರಲಿ ಎಂದು ಹಾಗೆ ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಚಾವಣಿಯ ಸಂದಿಯಲ್ಲಿ ಒಮ್ಮೆ ನೀರು ಇಳಿಯಿತೆಂದರೆ ಗೋಡೆಯೊಳಗೇ ಮರ ಕೊಳೆಯುತ್ತಾ ಹೋಗುತ್ತದೆ. ಹೊರಗಿನ ಹಾಳೆ ಉಬ್ಬಿದ ಮೇಲಷ್ಟೇ ನಮಗೆ ಗೊತ್ತಾಗುವುದು. ಸ್ಕೂಲ್ ಬಸ್ಸಿನ ರೀತಿಯೇ ಬೇರೆ. ಕಿಟಕಿಗಳ ನಡುವಿನಿಂದ ಉಕ್ಕಿನ ಕಮಾನುಗಳು ಎದ್ದು, ಚಾವಣಿ ದಾಟಿ, ಆಚೆ ಬದಿಗೆ ಇಳಿಯುತ್ತವೆ. ಅವುಗಳ ಮೇಲೆ ಉಕ್ಕಿನ ತಗಡು ಹೊದಿಸಿ ಸಾಲುಸಾಲಾಗಿ ರಿವೆಟ್ ಹೊಡೆದಿರುತ್ತಾರೆ. ಎಲ್ಲಿ ತುಕ್ಕು ಹಿಡಿದಿದೆಯೋ ಅಷ್ಟನ್ನು ಕತ್ತರಿಸಿ ಹೊಸ ತಗಡು ಬೆಸೆಯಬಹುದು. ಐವತ್ತು ವರ್ಷದ ಹಿಂದೆ ಯಾರೋ ಕಟ್ಟಿದ್ದನ್ನು ಇವತ್ತು ನಾವು ಬಿಚ್ಚಿ, ನೋಡಿ, ಅರ್ಥ ಮಾಡಿಕೊಂಡು, ಮತ್ತೆ ಜೋಡಿಸಬಹುದು. ನನಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಈ ಉಕ್ಕಿನ ಮೈಗೂ ಒಂದು ಚರಿತ್ರೆಯಿದೆ. 1920ರ ದಶಕದಲ್ಲಿ ಶಾಲಾ ಬಸ್ಸುಗಳ ಬಾಡಿ ಸಾಮಾನ್ಯವಾಗಿ ಮರದ್ದು. ಜಾರ್ಜಿಯಾ ರಾಜ್ಯದಲ್ಲಿ ಫೋರ್ಡ್ ಗಾಡಿ ಮಾರುತ್ತಿದ್ದ ಆಲ್ಬರ್ಟ್ ಲೂಸ್, ಮರದ ಬಾಡಿ ಆ ರಸ್ತೆಗಳಲ್ಲಿ ಬಾಳಿಕೆ ಬರದಿದ್ದುದನ್ನು ಕಂಡು 1927ರಲ್ಲಿ ಉಕ್ಕಿನ ಚೌಕಟ್ಟಿನ ಬಸ್ಸು ಕಟ್ಟಿದರು. ಬ್ಲೂ ಬರ್ಡ್ ಕಂಪನಿ ಹುಟ್ಟಿದ್ದು ಹಾಗೆ. ಅದೇ ಕಂಪನಿ 1963ರಲ್ಲಿ ತನ್ನ ಬಸ್ ಬಾಡಿಯನ್ನೇ ಆಧಾರವಾಗಿಟ್ಟುಕೊಂಡು ಮುಂದೆ ವಾಂಡರ್‌ಲಾಡ್ಜ್ ಎಂದು ಹೆಸರಾದ ಐಷಾರಾಮಿ ಮೋಟರ್ ಹೋಮ್ ಹೊರತಂದಿತು. ಕೈಯಲ್ಲಿ ಅಷ್ಟು ಕಾಸಿಲ್ಲದವರು ಹಳೇ ಬಸ್ಸುಗಳನ್ನೇ ಮನೆ ಮಾಡಿಕೊಂಡರು. ಹಿಪ್ಪಿಗಳ ಗುರು ಎನಿಸಿದ್ದ ಸ್ಟೀಫನ್ ಗ್ಯಾಸ್ಕಿನ್ ಮತ್ತು ಸಂಗಡಿಗರು ಸ್ಯಾನ್ ಫ್ರಾನ್ಸಿಸ್ಕೊದಿಂದ ಹತ್ತಾರು ಬಸ್ಸುಗಳಲ್ಲಿ ದೇಶ ಸುತ್ತಿ 1971ರಲ್ಲಿ ಟೆನೆಸ್ಸಿಯ ಸಮ್ಮರ್‌ಟೌನ್ ಬಳಿ ಬಂದು ನೆಲೆಸಿದಾಗ, ಮನೆಗಳು ಏಳುವ ತನಕ ಆ ಬಸ್ಸುಗಳಲ್ಲೇ ಸಂಸಾರ ಮಾಡಿದರು. ಈಗ ಇಂಥ ಬಸ್ಸುಗಳನ್ನು ಇಲ್ಲಿ ಪ್ರೀತಿಯಿಂದ 'ಸ್ಕೂಲಿ' ಅನ್ನುತ್ತಾರೆ.

ನಮ್ಮದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ 1974ರ ಲೋಡ್‌ಸ್ಟಾರ್. ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು. ನಮ್ಮೂರ ಖಾಸಗಿ ಬಸ್ಸುಗಳಿಗೆ ಬಾಡಿ ಕಟ್ಟಿಸುವುದನ್ನು ಕಂಡವರಿಗೆ ಇದು ಹೊಸದಲ್ಲ. 345 ಘನ ಇಂಚಿನ, ಅಂದರೆ ಸುಮಾರು 5.7 ಲೀಟರಿನ ಪೆಟ್ರೋಲ್ ವಿ8 ಎಂಜಿನ್ನು, ಕೈಯಲ್ಲಿ ಹಾಕುವ ಐದು ಗೇರು. ಅರಿಜೋನಾದ ಒಣ ಹವೆಯಲ್ಲಿ ನಿಂತಿದ್ದ ಬಸ್ಸು ಎಂಬ ಕಾರಣಕ್ಕೇ ಅಷ್ಟು ದೂರದಿಂದ ತಂದೆವು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಓಡಿದ ಬಸ್ಸು ಮೇಲೆ ಎಷ್ಟು ಫಳಫಳ ಹೊಳೆದರೂ ಅಡಿಯಲ್ಲಿ ಕೊರೆದುಹೋಗಿರುತ್ತದೆ. ಮರುಭೂಮಿಯ ಬಿಸಿಲು ರಬ್ಬರನ್ನೂ ಸೀಟಿನ ರೆಕ್ಸಿನನ್ನೂ ತಿನ್ನುತ್ತದೆ, ಉಕ್ಕನ್ನು ಬಿಡುತ್ತದೆ. ರಬ್ಬರು ಹೊಸದು ಕೊಳ್ಳಬಹುದು.

ಬಸ್ಸು ನೋಡಲು ಬಂದವರು ಮೊದಲು ಹಾಸಿಗೆ ಎಲ್ಲಿ, ಅಡುಗೆ ಕಟ್ಟೆ ಎಲ್ಲಿ ಎಂದು ಕೇಳುತ್ತಾರೆ. ನನ್ನ ಪ್ರಕಾರ ಅದು ಕಟ್ಟಕಡೆಯ ಕೆಲಸ. ಇದು ಮೊದಲು ಗಾಡಿ, ಆಮೇಲೆ ಮನೆ. ಬ್ರೇಕು, ಟೈರು, ನೆಲ, ಪೆಟ್ರೋಲ್ ಟ್ಯಾಂಕು ಸರಿಯಾಗುವ ತನಕ ಒಂದು ಹಲಗೆಯನ್ನೂ ಒಳಗೆ ತರಕೂಡದೆಂದು ಮನೆಯವರೂ ನಾನೂ ಹಟ ಹಿಡಿದಿದ್ದೆವು.

ನೆಲದಿಂದ ಶುರು ಮಾಡಿದೆವು. ಸೀಟಿನ ಕಾಲುಗಳ ಬೋಲ್ಟು ನೆಲವನ್ನು ತೂರಿಕೊಂಡು ಅಡಿಗೆ ಇಳಿದಿರುತ್ತದೆ. ಮೇಲೆ ಒಬ್ಬರು ಪಾನಾ ಹಿಡಿದು, ಬಸ್ಸಿನಡಿ ಮಲಗಿದವರು ನಟ್ಟು ಹಿಡಿದರೂ ಅರ್ಧಕ್ಕರ್ಧ ಮಿಸುಕುವುದಿಲ್ಲ. ಅವಕ್ಕೆಲ್ಲ ಗ್ರೈಂಡರೇ ಮದ್ದು. ಸೀಟು ಹೋದ ಮೇಲೆ ರಬ್ಬರ್ ಮ್ಯಾಟು, ಅದರಡಿ ಪ್ಲೈವುಡ್ಡು. ಗೋಡೆಯಂಚಿನ ಸಂದಿಯಲ್ಲಿ ಪೆನ್ಸಿಲ್ ತುಂಡುಗಳು, ಹೇರ್‌ಪಿನ್ನು, 1968ರ ಒಂದು ಸೆಂಟಿನ ನಾಣ್ಯ, ಹಲ್ಲಿನ ಗುರುತು ಇನ್ನೂ ಉಳಿದಿದ್ದ ಒಂದು ಎರೇಸರ್. ಆ ಪ್ಲೈವುಡ್ಡು ಕಿಟಕಿಯ ಕೆಳಗೆಲ್ಲ ಕಪ್ಪಾಗಿ, ಕಾಲಿಟ್ಟರೆ ಮೆತ್ತಗಾಗುತ್ತಿತ್ತು. ಎತ್ತಿದಾಗ ಉಕ್ಕಿನ ನೆಲದಲ್ಲಿ ಪ್ರತಿ ಬೋಲ್ಟಿನ ತೂತಿನ ಸುತ್ತಲೂ ಕೆಂಪು ಉಂಗುರ. ತೂತಿನಿಂದ ನೀರು ಏರಿ, ಪ್ಲೈವುಡ್ಡು ಅದನ್ನು ಹೀರಿ, ಒಣಗಲು ಬಿಡದೆ ವರ್ಷಗಟ್ಟಲೆ ಉಕ್ಕಿಗೆ ಒತ್ತಿ ಹಿಡಿದಿತ್ತು. ತಂತಿ ಬ್ರಷ್ ಹಾಕಿ ಉಜ್ಜಿ, ಫಾಸ್ಫಾರಿಕ್ ಆಮ್ಲದ ದ್ರಾವಣ ಬಳಿದರೆ ಉಳಿದ ತುಕ್ಕು ಕಪ್ಪಗಾಗಿ ಗಟ್ಟಿಯಾಗುತ್ತದೆ. ಅದರ ಮೇಲೆ ಪ್ರೈಮರು. ಪೂರ್ತಿ ಹೋದ ಕಡೆ ತಗಡು ಕತ್ತರಿಸಿ ಪ್ಯಾಚ್. ಬೋಲ್ಟಿನ ತೂತಿಗೆ ಒಂದು ಸೆಂಟಿನ ನಾಣ್ಯ ಅಳತೆ ಮಾಡಿದ ಹಾಗೆ ಕೂರುತ್ತದೆಂದು ಎಷ್ಟೋ ಜನ ನಾಣ್ಯವಿಟ್ಟು ಸೀಲೆಂಟ್ ಬಳಿಯುತ್ತಾರೆ. ಉಕ್ಕಿಗೆ ತಾಮ್ರದ ಲೇಪ ತಾಗಿ ನಡುವೆ ನೀರು ಸೇರಿದರೆ ಅಲ್ಲೇ ತುಕ್ಕು ಜೋರಾಗುತ್ತದೆ, ಹಾಗಾಗಿ ನಾವು ಒಂದೊಂದನ್ನೂ ವೆಲ್ಡ್ ಮಾಡಿ ಮುಚ್ಚಿದೆವು.

ಟೈರಿನ ವಿಷಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಬಸ್ಸಿನ ಕಾಲದವುಗಳಲ್ಲಿ 20 ಇಂಚಿನ, ಟ್ಯೂಬ್ ಹಾಕುವ, ಬಿಡಿ ಭಾಗಗಳ ರಿಮ್ ಇರುತ್ತದೆ. ಲಾರಿ ಚಕ್ರಕ್ಕೆ ರಿಂಗ್ ಹೊಡೆದು ಕೂರಿಸುವುದನ್ನು ನಮ್ಮ ಹೆದ್ದಾರಿಯ ಪಂಕ್ಚರ್ ಅಂಗಡಿಗಳಲ್ಲಿ ನೋಡಿರುತ್ತೀರಿ. ಅಮೆರಿಕದ ಹಳೇ ರಿಮ್‌ಗಳಲ್ಲಿ ನಟ್ಟನಡುವೆ ಎರಡು ಹೋಳಾಗಿ ಕೂಡುವ ಒಂದು ಬಗೆಯಿತ್ತು. ಗಾಳಿ ತುಂಬುವಾಗ ಆ ಹೋಳುಗಳು ಸಿಡಿದು ಕೆಲಸಗಾರರು ಸತ್ತದ್ದರಿಂದ ಅದಕ್ಕೆ 'ವಿಡೋಮೇಕರ್', ಅಂದರೆ ಹೆಂಡತಿಯನ್ನು ವಿಧವೆ ಮಾಡುವಂಥದ್ದು, ಎಂಬ ಹೆಸರು ಬಿತ್ತು. ಬಿಡಿ ಭಾಗಗಳ ಚಕ್ರಕ್ಕೆ ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಬೇಕೆಂದು ಇಲ್ಲಿನ ಕಾರ್ಮಿಕ ಸುರಕ್ಷತಾ ನಿಯಮವಿದೆ. ಬಹಳಷ್ಟು ಟೈರ್ ಅಂಗಡಿಗಳು ಅವನ್ನು ಮುಟ್ಟುವುದೇ ಇಲ್ಲ. ನಾವು ಆರೂ ಚಕ್ರಗಳನ್ನು 22.5 ಇಂಚಿನ ಒಂದೇ ತುಂಡಿನ ಟ್ಯೂಬ್‌ಲೆಸ್ ರಿಮ್‌ಗೆ ಬದಲಾಯಿಸಿದೆವು. ಹಳೆಯ 9.00-20 ಅಳತೆಯ ಟೈರಿನ ಬದಲಿಗೆ 10ಆರ್22.5 ಅಳತೆಯದು ಸರಿಹೊಂದುತ್ತದೆ. ಈ ಕೆಲಸಕ್ಕೆ ಕೊಟ್ಟ ಕಾಸಿನಲ್ಲಿ ಒಳ್ಳೆಯ ಅಡುಗೆಮನೆಯೇ ಆಗುತ್ತಿತ್ತು, ಮತ್ತೆ ಕೊಡಬೇಕೆಂದರೂ ಮೊದಲು ಇದಕ್ಕೇ ಕೊಡುತ್ತೇನೆ. ಬ್ರೇಕಿನ ಕೆಲಸವೂ ಹಾಗೆಯೇ: ನಾಲ್ಕೂ ಕಡೆ ಡ್ರಮ್ ಬಿಚ್ಚಿ, ಸಿಲಿಂಡರು, ಲೈನಿಂಗು, ಉಕ್ಕಿನ ಕೊಳವೆ, ರಬ್ಬರ್ ಹೋಸು ಎಲ್ಲ ಹೊಸದು. ರಾಕಿ ಪರ್ವತದ ಇಳಿಜಾರಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಇನ್ನು ಪೆಟ್ರೋಲ್ ಟ್ಯಾಂಕು. ಅಮೆರಿಕದ ಶಾಲಾ ಬಸ್ಸುಗಳಿಗೆ ಚಾವಣಿಯ ಬಲ, ತಗಡಿನ ಕೀಲುಗಳ ಗಟ್ಟಿತನ, ಸೀಟುಗಳ ಎತ್ತರ, ಇಂಧನ ಟ್ಯಾಂಕಿನ ರಕ್ಷಣೆ ಕುರಿತ ಕಠಿಣ ಕೇಂದ್ರ ನಿಯಮಗಳು ಜಾರಿಗೆ ಬಂದದ್ದು 1977ರ ಏಪ್ರಿಲ್ 1ರಿಂದ. ನಮ್ಮ ಬಸ್ಸು ಅದಕ್ಕೂ ಮೊದಲಿನದು. 1988ರ ಮೇ 14ರ ರಾತ್ರಿ ಕೆಂಟಕಿಯ ಕ್ಯಾರಲ್‌ಟನ್ ಬಳಿ, ಚರ್ಚ್ ಒಂದು ಕೊಂಡಿದ್ದ ಹಳೇ ಶಾಲಾ ಬಸ್ಸಿಗೆ ಕುಡಿದ ಚಾಲಕನೊಬ್ಬನ ಪಿಕಪ್ ಎದುರಿನಿಂದ ಬಂದು ಗುದ್ದಿತು. ಮುಂಬಾಗಿಲ ಹಿಂದೆಯೇ ಇದ್ದ ಪೆಟ್ರೋಲ್ ಟ್ಯಾಂಕು ತೂತಾಗಿ ಬೆಂಕಿ ಹತ್ತಿತು. ಮುಂಬಾಗಿಲು ಜಖಂ, ಎಲ್ಲರೂ ಹಿಂಬಾಗಿಲಿಗೇ ನುಗ್ಗಬೇಕಾಯಿತು. 27 ಮಂದಿ ತೀರಿಕೊಂಡರು, ಹೆಚ್ಚಿನವರು ಮಕ್ಕಳು. ಆ ಬಸ್ಸಿನ ಚಾಸಿ 1977ರ ನಿಯಮ ಜಾರಿಗೆ ಬರುವ ಕೆಲವೇ ದಿನ ಮೊದಲು ತಯಾರಾದದ್ದು. ಹಳೇ ಬಸ್ಸು ಉಕ್ಕಿನದ್ದು, ಆದ್ದರಿಂದ ಸುರಕ್ಷಿತ ಎಂದು ಕಣ್ಣುಮುಚ್ಚಿ ಹೇಳುವವರಿಗೆ ನಾನು ಈ ಘಟನೆಯನ್ನು ಹೇಳುತ್ತೇನೆ. ನಾವು ಟ್ಯಾಂಕನ್ನು ಇಳಿಸಿ, ತೊಳೆಸಿ, ಎಥೆನಾಲ್ ಬೆರೆಸಿದ ಇಂದಿನ ಪೆಟ್ರೋಲಿಗೆ ಹಾಳಾಗದ ಹೊಸ ಹೋಸುಗಳನ್ನು ಹಾಕಿ, ಸುತ್ತ ಉಕ್ಕಿನ ಪಂಜರ ಕಟ್ಟಿಸಿದೆವು. ಹಿಂಬಾಗಿಲಿಗೆ ಅಡ್ಡವಾಗಿ ಹಾಸಿಗೆ ಕಟ್ಟುವುದು ಇಂಥ ಬಸ್ಸುಗಳಲ್ಲಿ ಮಾಮೂಲು. ನಮ್ಮಲ್ಲಿ ಮಂಚ ಎಡಬದಿಗಿದೆ, ಹಿಂಬಾಗಿಲಿನವರೆಗೆ ದಾರಿ ಖಾಲಿ, ಚಿಲಕ ಒಳಗಿನಿಂದ ಒಂದೇ ಕೈಯಲ್ಲಿ ತೆಗೆಯುತ್ತದೆ.

ಒಳಗಿನ ಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಅವರವರ ಅನುಕೂಲಕ್ಕೆ ತಕ್ಕಂತೆ ಮಾಡಿಕೊಳ್ಳಬಹುದು. ಆದರೆ ಒಂದೆರಡು ವಿಷಯ ಎಲ್ಲರಿಗೂ ಸಲ್ಲುತ್ತವೆ. ಚಳಿಯಲ್ಲಿ ನಮ್ಮ ಉಸಿರಿನ ಆವಿ, ಅಡುಗೆಯ ಹಬೆ ತಣ್ಣನೆಯ ಉಕ್ಕಿಗೆ ತಾಗಿ ನೀರಾಗಿ ಇಳಿಯುತ್ತದೆ, ಹಾಗಾಗಿ ಕಮಾನುಗಳ ಮೇಲೂ ಫೋಮ್ ಹೊದಿಸದೆ ಹಲಗೆ ಹೊಡೆದರೆ ವರ್ಷದೊಳಗೆ ಬೂಷ್ಟು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಅದಕ್ಕಾಗಿ ನಮ್ಮದನ್ನು ಹೊರಗಿನ ಪೆಟ್ಟಿಗೆಯಲ್ಲಿಡದೆ ಒಳಗೆ ಇಟ್ಟಿದ್ದೇವೆ. 60 ಗ್ಯಾಲನ್ ನೀರೆಂದರೆ 227 ಕಿಲೊ. ಆ ತೊಟ್ಟಿಯ ಜಾಗ ಆಕ್ಸಲ್‌ಗಳ ನಡುವೆ, ಹಿಂತುದಿಯಲ್ಲಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರ ಇರಬೇಕು.

ಬಣ್ಣದ ಬಗ್ಗೆ ಮಕ್ಕಳೇ ಹೆಚ್ಚು ಕೇಳುತ್ತಾರೆ: ಹಳದಿ ಯಾಕೆ ಹೋಯಿತು? ಆ ಹಳದಿ 1939ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಪ್ರೊಫೆಸರ್ ಫ್ರಾಂಕ್ ಸೈರ್ ಕರೆದಿದ್ದ ಸಭೆಯಲ್ಲಿ ನಿಶ್ಚಯವಾದದ್ದು. ಮುಂಜಾನೆಯ ಮಬ್ಬಿನಲ್ಲೂ ಆ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆ. ಮಕ್ಕಳಿಲ್ಲದ ಬಸ್ಸು ಆ ಬಣ್ಣದಲ್ಲಿ ಓಡಾಡಿದರೆ ಹಿಂದಿನವರು ಗೊಂದಲಕ್ಕೆ ಬೀಳುತ್ತಾರೆ, ಬಹಳ ರಾಜ್ಯಗಳಲ್ಲಿ ಅದಕ್ಕೆ ಅನುಮತಿಯೂ ಇಲ್ಲ. ಮಿನುಗುವ ಕೆಂಪು ದೀಪ, ಚಾಚುವ 'ಸ್ಟಾಪ್' ಫಲಕ, 'ಸ್ಕೂಲ್ ಬಸ್' ಅಕ್ಷರ ಎಲ್ಲ ತೆಗೆಯಬೇಕು. ಈಗ ನಮ್ಮದು ಕಡು ಹಸಿರು, ಚಾವಣಿ ಮಾತ್ರ ಬಿಳಿ, ಬೇಸಿಗೆಯ ತಾಪಕ್ಕೆ. ದಾಖಲೆಯಲ್ಲಿ ಮೋಟರ್ ಹೋಮ್ ಎಂದು ಬದಲಾಯಿಸಲು ಕೇಂದ್ರದ ವ್ಯಾಖ್ಯಾನವನ್ನು ನೋಡಿಕೊಂಡೆವು: ಅಡುಗೆ, ಫ್ರಿಜ್, ಶೌಚಾಲಯ, ಹೀಟರ್ ಇಲ್ಲವೇ ಎಸಿ, ನಲ್ಲಿ-ಸಿಂಕ್ ಸಹಿತ ಕುಡಿಯುವ ನೀರು, ಪ್ರತ್ಯೇಕ ವಿದ್ಯುತ್ ಇಲ್ಲವೇ ಗ್ಯಾಸ್ ಈ ಆರರಲ್ಲಿ ನಾಲ್ಕಾದರೂ ಇರಬೇಕು. ರಾಜ್ಯ ರಾಜ್ಯಕ್ಕೆ ಕಾಗದಪತ್ರ ಬೇರೆ, ವಿಮೆ ಕೊಡುವವರನ್ನು ಬಸ್ ಕೊಳ್ಳುವ ಮೊದಲೇ ಹುಡುಕಿಟ್ಟುಕೊಳ್ಳಿ.

ಖರ್ಚು ಉಳಿಯುತ್ತದಾ ಎಂದು ಕೇಳಿದರೆ, ಇಲ್ಲ. ಲೀಟರಿಗೆ ಮೂರು ಕಿಲೋಮೀಟರ್ ಕೊಡುವ ಗಾಡಿಯಿಂದ ಉಳಿತಾಯ ನಿರೀಕ್ಷಿಸುವವರು ಬೇರೇನಾದರೂ ಕೊಳ್ಳುವುದು ಒಳ್ಳೆಯದು.

ಊರಿನ ತಮ್ಮಂದಿರು "ಅಕ್ಕಾ, ನಾವೂ ಇಲ್ಲಿ ಒಂದು ಹಳೇ ಬಸ್ ತಗೊಂಡು ಮಾಡ್ಬೋದಾ?" ಎಂದು ಕೇಳುತ್ತಿರುತ್ತಾರೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಮೋಟರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಆದ್ದರಿಂದ ಆರ್‌ಟಿಒ ಕಚೇರಿಯಲ್ಲಿ ಮಾತಾಡಿ, ಮಾನ್ಯತೆ ಪಡೆದ ಬಾಡಿ ಬಿಲ್ಡರ್‌ಗಳ ಮೂಲಕ ಹೋಗಿ. ಗ್ಯಾರೇಜಿನಲ್ಲಿ ಗ್ರೈಂಡರ್ ಹಿಡಿದು ಶುರು ಮಾಡಬೇಡಿ.

ಅಮೆರಿಕದಲ್ಲಿದ್ದು ಹಳೇ ಬಸ್ಸಿನ ಮೇಲೆ ಕಣ್ಣಿಟ್ಟಿರುವವರು ನೋಡಲು ಹೋಗುವಾಗ ಒಂದು ಸುತ್ತಿಗೆ, ಟಾರ್ಚು, ಮ್ಯಾಗ್ನೆಟ್ಟು ಜೊತೆಗಿರಲಿ. ಮ್ಯಾಗ್ನೆಟ್ ಹಿಡಿಯದ ಕಡೆ ಬಣ್ಣದಡಿ ಇರುವುದು ಉಕ್ಕಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ. ಚಕ್ರದ ಮೇಲ್ಭಾಗದ ತಗಡು, ಬಾಗಿಲಲ್ಲಿ ಹತ್ತುವ ಮೆಟ್ಟಿಲ ಗೂಡು, ಹಿಂಬಾಗಿಲ ಹೊಸ್ತಿಲು, ಈ ಮೂರನ್ನು ಅಡಿಯಿಂದ ತಟ್ಟಿ ನೋಡಿ. ಟೈರಿನ ಮೇಲೆ 'DOT' ಅಕ್ಷರಗಳ ಮುಂದಿರುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2309 ಎಂದಿದ್ದರೆ 2009ರ 23ನೇ ವಾರದ ಟೈರು, ಅದನ್ನು ನಂಬಿ ಮನೆ ತನಕ ಓಡಿಸಬೇಡಿ, ಟ್ರಕ್ ಮೇಲೆ ಹೇರಿಸಿ ತನ್ನಿ. ಎಂಜಿನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಬರುವ ಮುಂಚೆಯೇ ಮಾರುವವರು ಬಿಸಿ ಮಾಡಿಟ್ಟಿದ್ದರೆ, ಇನ್ನೊಂದು ದಿನ ಬರುತ್ತೇವೆಂದು ಹೇಳಿ ಬನ್ನಿ.