ಬಣ್ಣದ ಪ್ಲೇಟುಗಳ ಕಪಾಟು: ಒಂದು ಮಳೆಗಾಲದ ಕೆಲಸ

ಜೂನ್, ಎರಡನೇ ಭಾನುವಾರ

ಮಳೆ ಹಿಡಿಯುವ ಮೊದಲೇ ಮುಗಿಸಬೇಕು ಅಂದುಕೊಂಡಿದ್ದ ಕೆಲಸ ಮಳೆ ಹಿಡಿದ ಮೇಲೆ ಶುರುವಾಯಿತು. ಕಪಾಟಿನ ಕೆಳಗಿನ ಎರಡು ಖಾನೆಗಳಲ್ಲಿ ಇರುವುದೆಲ್ಲ ಬಣ್ಣದ ವಿನೈಲ್, ಅಂದರೆ ಕಪ್ಪಿನ ಬದಲು ಬೇರೆ ಬಣ್ಣದಲ್ಲಿ ಒತ್ತಿದ ಹಾಡಿನ ಪ್ಲೇಟುಗಳು. ಎಣಿಸಿದೆ, 63 ಇವೆ. ಅದರಲ್ಲಿ 19 ಹಾರ್ಡ್‌ಕೋರ್ (ಪಂಕ್ ರಾಕ್‌ನ ಒರಟು, ವೇಗದ ಬಗೆ), ಉಳಿದದ್ದು ಹೆವಿ ಮೆಟಲ್. ಎಲ್ಲವನ್ನೂ ಹೊರಗೆ ತೆಗೆದು, ತೊಳೆದು, ಒಳಕವರ್ ಬದಲಿಸಿ, ಒಂದೊಂದರ ವಿವರವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.

ಇದಕ್ಕೆ ಕೈಹಾಕಲು ಕಾರಣ ಒಂದು ಕೆಂಪು ಪ್ಲೇಟು. ಕೊಂಡಾಗ ಗಾಜಿನ ಬಳೆಯ ಹಾಗೆ ಹೊಳೆಯುತ್ತಿತ್ತು. ಹೋದ ತಿಂಗಳು ತೆಗೆದು ನೋಡಿದರೆ ಮೈಮೇಲೆಲ್ಲ ಮಂಜು ಕವಿದ ಹಾಗೆ ಬಿಳಿ ಪೊರೆ. ಬೂಷ್ಟು ಅಂದುಕೊಂಡು ಒರೆಸಿದೆ, ತೊಳೆದೆ, ಹೋಗಲಿಲ್ಲ. ಅದು ಬೂಷ್ಟಲ್ಲ. ಮಾರಿದವರು ಪ್ಲೇಟನ್ನು ಮೆತ್ತನೆಯ ಪಿವಿಸಿ ಕವರಿನಲ್ಲಿ ಹಾಕಿಕೊಟ್ಟಿದ್ದರು, ನಾನೂ ಹಾಗೇ ಬಿಟ್ಟಿದ್ದೆ. ಆ ಕವರನ್ನು ಮೆತ್ತಗಿಡುವ ರಾಸಾಯನಿಕ ನಿಧಾನಕ್ಕೆ ಹೊರಬಂದು ಪ್ಲೇಟಿನ ಮೈಗೆ ಹತ್ತುತ್ತದೆ. ಸೆಕೆ ಇದ್ದಷ್ಟೂ ಬೇಗ. ಒಮ್ಮೆ ಹತ್ತಿದರೆ ಮುಗಿಯಿತು. ಮುಳ್ಳು ಇಟ್ಟರೆ ಸಣ್ಣ ತೂರಲು ಮಳೆಯ ಹಾಗೆ ಸದ್ದು ಹಾಡಿನುದ್ದಕ್ಕೂ ಕೇಳುತ್ತದೆ.

ಅವತ್ತೇ ಪಾಲಿಪ್ರೊಪಿಲೀನ್ ಹೊರಕವರ್ ಮತ್ತು ತೆಳು ಪಾಲಿಥಿನ್ ಒಳಕವರ್ ನೂರು ನೂರು ತರಿಸಿದೆ. ಬೇರೇನೂ ಮಾಡದಿದ್ದರೂ ಇದೊಂದನ್ನು ಎಲ್ಲರೂ ಮಾಡಿ.

ಜೂನ್, ಕೊನೆಯ ವಾರ

14 ಪ್ಲೇಟು ತೊಳೆದಾಯಿತು. ಡಿಸ್ಟಿಲ್ಡ್ ವಾಟರ್, ಅದಕ್ಕೆ ಒಂದಿಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್, ಮೇಕೆ ಕೂದಲಿನ ಬ್ರಷ್ಷು. ಬ್ರಷ್ಷನ್ನು ಗೆರೆಗಳ ಗುಂಟ ಸುತ್ತಬೇಕು, ಅಡ್ಡ ಎಳೆಯಬಾರದು. ಕೊನೆಗೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಸಲ ತೊಳೆದು, ಪಾತ್ರೆ ಇಡುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಣಗಿಸುವುದು. ನಲ್ಲಿ ನೀರು ಬೇಡವೇ ಬೇಡ. ನಮ್ಮ ಬೋರ್‌ವೆಲ್ ನೀರಿನ ಕಲೆ ಸ್ಟೀಲ್ ಲೋಟದ ಮೇಲೇ ಕಾಣುತ್ತದೆ, ಗೆರೆಯೊಳಗೆ ಕೂತರೆ ಏನಾದೀತು.

ಅಪ್ಪನ ಕಾಲದ ಅರಗಿನ ಪ್ಲೇಟುಗಳಿದ್ದರೆ ಈ ದ್ರಾವಣ ಹತ್ತಿರವೂ ತರಬೇಡಿ. ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ.

ಒಣಗಲು ಇಟ್ಟ, ಬಣ್ಣ ಚಿಮ್ಮಿದಂತಿರುವ ಸ್ಪ್ಲಾಟರ್ ಪ್ಲೇಟೊಂದನ್ನು ನೋಡಿ ಅಮ್ಮ, "ರಂಗೋಲಿ ಪುಡಿ ಚೆಲ್ಲಿದ ಹಾಗಿದೆಯಲ್ಲೋ, ಇದನ್ನ ಹೇಗೆ ಮಾಡ್ತಾರೆ?" ಅಂದರು. ಅಕ್ಕಿ ರೊಟ್ಟಿಯ ಲೆಕ್ಕದಲ್ಲೇ ಹೇಳಿದೆ. ವಿನೈಲ್ ಅಂದರೂ ಪಿವಿಸಿಯೇ, ಅದರ ಕಾಳುಗಳನ್ನು ಕರಗಿಸಿ ಅಂಗೈಯಗಲದ ಉಂಡೆ ಮಾಡಿಕೊಳ್ಳುತ್ತಾರೆ. ಮೇಲೊಂದು ಕೆಳಗೊಂದು ಲೇಬಲ್ ಇಟ್ಟು, ಗೆರೆ ಮೂಡಿಸುವ ಎರಡು ಲೋಹದ ಅಚ್ಚುಗಳ ನಡುವೆ ಹಬೆಯ ಬಿಸಿಯಲ್ಲಿ ಒತ್ತುತ್ತಾರೆ, ನೀರು ಹರಿಸಿ ತಣ್ಣಗೆ ಮಾಡಿ ಅಂಚು ಕತ್ತರಿಸುತ್ತಾರೆ. ಎಲ್ಲ ಸೇರಿ ಅರ್ಧ ನಿಮಿಷದ ಆಸುಪಾಸು. ಸ್ಪ್ಲಾಟರ್ ಬೇಕಾದರೆ ಒತ್ತುವ ಮುಂಚೆ ಉಂಡೆಯ ಮೇಲೆ ಬೇರೆ ಬಣ್ಣದ ಕಾಳು ಉದುರಿಸುತ್ತಾರೆ, ಬಹಳ ಕಡೆ ಕೈಯಿಂದಲೇ. ಒತ್ತಡಕ್ಕೆ ಅವು ನಡುವಿನಿಂದ ಅಂಚಿಗೆ ಚಿಮ್ಮಿ ಹರಡುತ್ತವೆ. ಒಂದರ ಹಾಗೆ ಇನ್ನೊಂದು ಬರುವುದಿಲ್ಲ. "ಹಾಗಾದ್ರೆ ಇಂಥದ್ದು ಇದೊಂದೇ ಇರೋದು," ಅಂದರು ಅಮ್ಮ. ಹೌದು, ಅದೊಂದೇ.

ಪಿವಿಸಿಗೆ ಸ್ವಂತ ಬಣ್ಣವಿಲ್ಲ, ಕಪ್ಪು ಕೂಡ ಬೆರೆಸಿದ್ದೇ. ಇಂಗಾಲದ ಮಸಿ ಹಾಕಿದರೆ ಗಟ್ಟಿತನ ಬರುತ್ತದೆ, ಗೆರೆಯ ದೋಷ ಕಣ್ಣಿಗೆ ಬೀಳುತ್ತದೆ. ಕತ್ತರಿಸಿದ ಅಂಚನ್ನು ಪುಡಿಮಾಡಿ ಮತ್ತೆ ಬಳಸಿದರೂ ಕಪ್ಪಿನಲ್ಲಿ ಗೊತ್ತಾಗುವುದಿಲ್ಲ. ಬಣ್ಣದ್ದೆಲ್ಲ ಸದ್ದಿನಲ್ಲಿ ಕಳಪೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಬಣ್ಣದ, ಚೆನ್ನಾಗಿ ಒತ್ತಿದ ಪ್ಲೇಟಿಗೂ ಕಪ್ಪಿಗೂ ನನ್ನ ಕಿವಿಗೆ ವ್ಯತ್ಯಾಸ ಸಿಕ್ಕಿಲ್ಲ. ಮೈತುಂಬ ಚಿತ್ರವಿರುವ ಪಿಕ್ಚರ್ ಡಿಸ್ಕ್ ಮಾತ್ರ ಬೇರೆ ಕಥೆ.

ಜುಲೈ

ಆ ಕಥೆಗೇ ಬಂದೆ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ನುಡಿಸಿದಾಗ ನಾನು ಜನದ ನಡುವೆ ಎಲ್ಲೋ ಇದ್ದೆ. ಭಾರತದಲ್ಲಿ ಅದು ಅವರ ಮೊದಲ ಕಾರ್ಯಕ್ರಮ. ಮರುದಿನ ಗಂಟಲೇ ಇರಲಿಲ್ಲ. ಅವತ್ತಿನಿಂದ ಅವರ ಪ್ಲೇಟು ಎಲ್ಲಿ ಕಂಡರೂ ಕೈ ಹೋಗುತ್ತದೆ. 2012ರಿಂದ ಅವರ ಹಳೆಯ ಆಲ್ಬಂಗಳು ಪಿಕ್ಚರ್ ಡಿಸ್ಕಾಗಿ ಬಂದಾಗ, 1982ರ 'ದ ನಂಬರ್ ಆಫ್ ದ ಬೀಸ್ಟ್' ನ್ಯೂಜೆರ್ಸಿಯ ಅಕ್ಕನ ಸೂಟ್‌ಕೇಸಿನಲ್ಲಿ, ಸೀರೆಗಳ ನಡುವೆ ಕೂತು ಬಂತು.

ಈ ವಾರ ಅದನ್ನು ತೊಳೆದು, ಕಪ್ಪು ಪ್ರತಿಯ ಪಕ್ಕದಲ್ಲಿಟ್ಟು ಎರಡನ್ನೂ ಕೇಳಿದೆ. ಹಾಡುಗಳ ನಡುವಿನ ಮೌನದಲ್ಲೇ ತಿಳಿದುಹೋಗುತ್ತದೆ. ಪಿಕ್ಚರ್ ಡಿಸ್ಕಿನಲ್ಲಿ ಚಿತ್ರದ ಕಾಗದ ಒಳಗಿರುತ್ತದೆ, ಗೆರೆ ಮೂಡುವುದು ಅದರ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ. ಅದಕ್ಕೇ ಸುಯ್ಯನೆಯ ಹಿನ್ನೆಲೆ. ಎಷ್ಟು ತೊಳೆದರೂ ಅಷ್ಟೇ. ಅದನ್ನು ಮಾರುವುದಿಲ್ಲ. ಕೇಳಲು ಕಪ್ಪು ಪ್ರತಿ ಇದೆ, ಇದು ಆ ರಾತ್ರಿಯ ನೆನಪಿಗೆ. ಆದರೆ ಇನ್ನು ಮುಂದೆ ಪಿಕ್ಚರ್ ಡಿಸ್ಕ್ ಕೊಳ್ಳುವುದಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ.

ಗೆಳೆಯನ ಮನೆಯ ಹಳೆಯ ಆಟೋಮ್ಯಾಟಿಕ್ ಟರ್ನ್‌ಟೇಬಲ್ ನನ್ನ ಪಾರದರ್ಶಕ ಪ್ಲೇಟನ್ನು ನುಡಿಸಲೇ ಇಲ್ಲ. ಪ್ಲೇಟು ಇದೆಯೋ ಇಲ್ಲವೋ ಎಂದು ಅದು ಬೆಳಕಿನಿಂದ ನೋಡುತ್ತದೆ, ಬೆಳಕು ಪ್ಲೇಟಿನ ಮೂಲಕವೇ ಹಾದುಹೋಯಿತು. ಅರ್ಧ ಗಂಟೆ ಯಂತ್ರ ಕೆಟ್ಟಿದೆ ಎಂದೇ ತಿಳಿದಿದ್ದೆವು.

ಆಗಸ್ಟ್, ಎರಡು ವಾರ ಸೇರಿಸಿ

ಎಲ್ಲ ತೊಳೆದಾದ ಮೇಲೆ ಹೇಗೆ ಜೋಡಿಸುವುದು? ಬಣ್ಣದ ಪ್ರಕಾರ ಇಡು, ಕಾಮನಬಿಲ್ಲಿನ ಹಾಗೆ ಕಾಣುತ್ತದೆ ಎಂದಳು ತಂಗಿ. ಕವರಿನೊಳಗೆ ಹೋದ ಮೇಲೆ ಬಣ್ಣ ಯಾರಿಗೆ ಕಾಣುತ್ತದೆ? ಆದರೂ ಅವಳ ಮಾತಿಗೊಂದು ಪೂರ್ವಜ ಉಂಟು. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಪ್ಲೇಟುಗಳನ್ನು ತಂದಾಗ ಸಂಗೀತದ ಬಗೆಗೊಂದು ಬಣ್ಣ ಕೊಟ್ಟಿತ್ತು: ಶಾಸ್ತ್ರೀಯಕ್ಕೆ ಕೆಂಪು, ಕಂಟ್ರಿಗೆ ಹಸಿರು, ಮಕ್ಕಳ ಹಾಡಿಗೆ ಹಳದಿ. ಖರ್ಚು ಹೆಚ್ಚೆಂದು ಕೆಲವೇ ವರ್ಷಗಳಲ್ಲಿ ಕಪ್ಪಿಗೆ ಮರಳಿದರು.

ಹಾರ್ಡ್‌ಕೋರ್‌ನವರ ಕೈಯಲ್ಲಿ ಬಣ್ಣಕ್ಕೆ ಬೇರೆಯೇ ಅರ್ಥ ಬಂತು. ಚಿಕ್ಕ ಲೇಬಲ್‌ಗಳು, ಅಂದರೆ ಪ್ಲೇಟು ಹೊರತರುವ ಕಂಪನಿಗಳು, ಕೆಲವೇ ನೂರು ಪ್ರತಿ. ಮೊದಲ ಸಲ ಒತ್ತಿದ್ದು ಯಾವುದು, ಎರಡನೆಯದು ಯಾವುದು ಎಂದು ಬಣ್ಣವೇ ಹೇಳುತ್ತಿತ್ತು. ನನಗೆ ತುಂಬ ಇಷ್ಟವಾದ ಕಥೆ ನ್ಯೂಯಾರ್ಕಿನ ಜಡ್ಜ್ ಬ್ಯಾಂಡಿನದು. 1989ರಲ್ಲಿ ಚಂಗ್ ಕಿಂಗ್ ಎಂಬ ಸ್ಟುಡಿಯೋದಲ್ಲಿ ಆಲ್ಬಂ ರೆಕಾರ್ಡ್ ಮಾಡಿದರು. ಸದ್ದು ಅವರಿಗೇ ಹಿಡಿಸಲಿಲ್ಲ. ಇಡೀ ಆಲ್ಬಂ ಬೇರೆ ಕಡೆ ಮತ್ತೆ ಮಾಡಿದರು, 'ಬ್ರಿಂಗಿನ್ ಇಟ್ ಡೌನ್' ಎಂದು ಬಂದದ್ದು ಅದೇ. ಅಷ್ಟರಲ್ಲಿ ಮುಂಗಡ ಹಣ ಕಳಿಸಿದವರು ಕಾಯುತ್ತಿದ್ದರು. ಅವರಿಗೆಂದು ಬ್ಯಾಂಡಿನ ಲೇಬಲ್ ರೆವೆಲೇಶನ್ ರೆಕಾರ್ಡ್ಸ್ ಆ ತಿರಸ್ಕೃತ ರೆಕಾರ್ಡಿಂಗನ್ನೇ ಸುಮಾರು 110 ಪ್ರತಿ ಬಿಳಿ ವಿನೈಲ್‌ನಲ್ಲಿ ಒತ್ತಿಸಿತು, ಆ ಸ್ಟುಡಿಯೋವನ್ನೇ ಬೈಯುವ ಹೆಸರಿಟ್ಟು. ಇವತ್ತು ಹಾರ್ಡ್‌ಕೋರ್ ಸಂಗ್ರಾಹಕರ ಕನಸು ಅದು. ನನ್ನ ಕೈಗೆ ಅದು ಎಂದೂ ಬರುವುದಿಲ್ಲ, ಬೇಕಿಲ್ಲ ಕೂಡ. ಆದರೆ ಆ ಬಿಳಿ ಬಣ್ಣ ಕಾದವರಿಗೆ ಕೊಟ್ಟ ಮಾತಿನ ಗುರುತು. ಬಣ್ಣದ ಪ್ಲೇಟಿನಲ್ಲಿ ನಾನು ಹುಡುಕುವುದು ಅಂಥ ಕಾರಣವನ್ನು.

ಹಾಗಾಗಿ ಜೋಡಣೆ ಬ್ಯಾಂಡಿನ ಹೆಸರಿನ ಪ್ರಕಾರ. ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಬಣ್ಣ, ಒತ್ತಿದ ವರ್ಷ, ಎಷ್ಟನೇ ಸಲದ್ದು, ಒತ್ತಿದ ಪ್ರತಿಗಳ ಸಂಖ್ಯೆ, ಕೊನೆಯ ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಕೆತ್ತಿರುವ ಅಂಕಿ ಅಕ್ಷರ. ಈ ಕೆತ್ತನೆ ಓದಲು ಟಾರ್ಚನ್ನು ಓರೆಯಾಗಿ ಹಿಡಿಯಬೇಕು. ಪಾರದರ್ಶಕ ಪ್ಲೇಟಿನ ಕೆಳಗೆ ಕಪ್ಪು ಬಟ್ಟೆ ಹಾಸಿದರೆ ಸುಲಭ. ಒಂದು ಹಸಿರು ಪ್ಲೇಟನ್ನು ಮೊದಲ ಒತ್ತಿನದ್ದು ಎಂದು ನನಗೆ ಮಾರಿದ್ದರು. ಕೆತ್ತನೆ ನೋಡಿದರೆ ಬಹಳ ಈಚಿನ ಮರುಮುದ್ರಣ. ಕೊಟ್ಟ ಹಣ ನೆನೆದರೆ ಹೊಟ್ಟೆ ಉರಿಯುತ್ತದೆ. ಕೊಳ್ಳುವ ಮೊದಲೇ ಕೆತ್ತನೆಯ ಫೋಟೋ ಕೇಳಿ.

ಕಪ್ಪಗಿದ್ದರೂ ಈ ಖಾನೆಯಲ್ಲೇ ಇಟ್ಟ ಪ್ಲೇಟು ಒಂದಿದೆ: ಇಂಗ್ಲೆಂಡಿನ ನೇಪಾಮ್ ಡೆತ್ ಬ್ಯಾಂಡಿನ 'ಸ್ಕಮ್', 1987. ಅದರ ಎರಡು ಬದಿಗಳಲ್ಲಿ ನುಡಿಸಿದ ಬ್ಯಾಂಡಿನವರೇ ಬೇರೆ ಬೇರೆ, ಡ್ರಮ್ಸ್‌ನ ಮಿಕ್ ಹ್ಯಾರಿಸ್ ಒಬ್ಬರೇ ಎರಡರಲ್ಲೂ ಇರುವುದು. ಪ್ಲೇಟು ಮಗುಚಿ ಹಾಕುವುದಕ್ಕೂ ಒಂದು ಅರ್ಥವಿದೆ ಎಂದು ನನಗೆ ತೋರಿಸಿಕೊಟ್ಟದ್ದು ಅದು.

ಸೆಪ್ಟೆಂಬರ್, ಗಣೇಶನ ಹಬ್ಬ ಕಳೆದ ಮೇಲೆ

ನೋಟ್‌ಬುಕ್ಕು ತುಂಬುತ್ತಿದ್ದಂತೆ ಮನಸ್ಸಿಗೆ ಕಸಿವಿಸಿಯಾಗುವ ಒಂದು ವಿಷಯ ಕಂಡಿತು. ಒಂದೇ ಆಲ್ಬಂ ಮೂರು ಬಣ್ಣದಲ್ಲಿ ಕೊಂಡಿದ್ದೇನೆ, ಅಂಥ ಆಲ್ಬಂ ಎರಡು. ಈಗ ಒಂದು ಆಲ್ಬಂ ಬಂದರೆ ಒಂದು ಅಂಗಡಿಗೊಂದು ಬಣ್ಣ, ದೇಶಕ್ಕೊಂದು ಬಣ್ಣ. ಅಲ್ಲಿ ಬಣ್ಣ ಯಾವ ಕಥೆಯನ್ನೂ ಹೇಳುವುದಿಲ್ಲ, ಎರಡನೆಯ ಪ್ರತಿ ಕೊಳ್ಳಿಸುತ್ತದೆ ಅಷ್ಟೇ. ಹೆಚ್ಚುವರಿ ನಾಲ್ಕನ್ನು ಈಗಷ್ಟೇ ಕೇಳಲು ಶುರುಮಾಡಿರುವ ಒಬ್ಬ ಕಾಲೇಜು ಹುಡುಗನಿಗೆ, ಕೊಂಡ ಬೆಲೆಗಿಂತ ಕಡಿಮೆಗೆ ಕೊಟ್ಟೆ. ಮನೆಗೆ ಬಂದು ಒಂದೊಂದನ್ನೂ ಕೇಳಿಯೇ ತೆಗೆದುಕೊಂಡು ಹೋದ. ಇನ್ನು ಒಂದು ಆಲ್ಬಂಗೆ ಒಂದೇ ಬಣ್ಣ.

ಇವತ್ತಿನ ಲೆಕ್ಕ: ಬಣ್ಣದವು 59. ತೊಳೆದು ಕವರ್ ಬದಲಿಸಿದ್ದು 52. ಉಳಿದ ಏಳೂ 7 ಇಂಚಿನವು, ಅವಕ್ಕೆ ಸರಿಯಾದ ಅಳತೆಯ ಒಳಕವರ್ ಇನ್ನೂ ಬರಬೇಕು. ಕೆಳಗಿನ ಖಾನೆಯ ಬಲ ತುದಿಯಲ್ಲಿ ಮೂರು ಬೆರಳಗಲ ಜಾಗ ಖಾಲಿ ಬಿಟ್ಟಿದ್ದೇನೆ. ಅದು ನಮ್ಮೂರಿನವರಿಗೆ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೆಟಲ್ ಬ್ಯಾಂಡ್ ಕ್ರಿಪ್ಟೋಸ್‌ನ ಆಲ್ಬಂಗಳನ್ನು ಈಗ ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಹೊರತರುತ್ತದೆ. ಅವರ ಎಲ್‌ಪಿ ಹುಡುಕುತ್ತಿದ್ದೇನೆ, ಯಾವ ಬಣ್ಣವಾದರೂ ಸರಿ.