ಈ ಬಟ್ಟೆ ಯಾವ ನೂಲಿನದು?

ಚಿಕ್ಕಪೇಟೆಯಿಂದ ಕಟ್ ಪೀಸ್, ಸೀರೆ ತಂದವರು ಪದೇ ಪದೇ ಕೇಳುವ ಪ್ರಶ್ನೆ: "ಅಂಗಡಿಯವರು ಪ್ಯೂರ್ ಸಿಲ್ಕ್ ಅಂದರು, ಲೇಬಲ್ ಇಲ್ಲ. ಮನೆಯಲ್ಲೇ ಗೊತ್ತು ಮಾಡಿಕೊಳ್ಳೋದು ಹೇಗೆ?"

ಸುಟ್ಟು ನೋಡಿ. ಆದರೆ ಬಟ್ಟೆಯ ತುಂಡನ್ನಲ್ಲ, ಎಳೆಯನ್ನು. ಹಾಸು (ಉದ್ದಕ್ಕೆ ಹೋಗುವ ಎಳೆ) ರೇಷ್ಮೆಯಾಗಿದ್ದು ಹೊಕ್ಕು (ಅಡ್ಡಕ್ಕೆ ಹೋಗುವ ಎಳೆ) ಪಾಲಿಸ್ಟರ್ ಇರಬಹುದು. ತುಂಡನ್ನೇ ಸುಟ್ಟರೆ ಎರಡರ ವಾಸನೆಯೂ ಬೆರೆತು ಏನೂ ತಿಳಿಯುವುದಿಲ್ಲ. ಹಾಸಿನ ನಾಲ್ಕೈದು ಎಳೆ, ಹೊಕ್ಕಿನ ನಾಲ್ಕೈದು ಎಳೆ ಬಿಡಿಸಿ ಬೇರೆ ಬೇರೆಯಾಗಿ ಹೊಸೆಯಿರಿ. ಸೀರೆಯಾದರೆ ಒಡಲು, ಸೆರಗು ಎರಡರಿಂದಲೂ ತೆಗೆಯಿರಿ, ಜರಿ ಸೇರದಿರಲಿ. ಹೊಸ ಬಟ್ಟೆಯ ಗಂಜಿಯೂ ಸುಟ್ಟಾಗ ವಾಸನೆ ಬಂದು ದಾರಿ ತಪ್ಪಿಸುತ್ತದೆ, ಹಾಗಾಗಿ ಎಳೆಗಳನ್ನು ಮೊದಲು ತೊಳೆದು ಒಣಗಿಸಿ. ಬೆಂಕಿಕಡ್ಡಿಯನ್ನೇ ಹಿಡಿಯಬೇಡಿ, ಅದರ ಗಂಧಕದ ಘಾಟು ಬೇರೆ ವಾಸನೆಯನ್ನು ಮುಚ್ಚುತ್ತದೆ, ಮೇಣದಬತ್ತಿ ಒಳ್ಳೆಯದು. ಎಳೆ ಚಿಮಟದಲ್ಲಿರಲಿ, ಕೆಳಗೆ ಸ್ಟೀಲ್ ತಟ್ಟೆಯಲ್ಲಿ ನೀರಿರಲಿ. ಕರಗಿದ ಪಾಲಿಸ್ಟರ್ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ.

ರೇಷ್ಮೆ ನಿಧಾನ ಉರಿದು, ಜ್ವಾಲೆಯಿಂದ ಹೊರಗೆಳೆದರೆ ಸಾಮಾನ್ಯವಾಗಿ ತಾನೇ ಆರುತ್ತದೆ. ಸುಟ್ಟ ಕೂದಲಿನ ವಾಸನೆ. ತುದಿಯಲ್ಲಿ ಉಳಿಯುವ ಕಪ್ಪು ಮಣಿಯನ್ನು ತಣ್ಣಗಾದ ಮೇಲೆ ಬೆರಳಲ್ಲಿ ಉಜ್ಜಿ: ಪುಡಿಯಾಗಬೇಕು. ಪಾಲಿಸ್ಟರ್ ಬೆಂಕಿ ಕಂಡೊಡನೆ ಮುದುರಿ, ಕರಗಿ, ಕಪ್ಪು ಹೊಗೆ ಬಿಡುತ್ತದೆ. ಅದರ ಮಣಿ ಗಟ್ಟಿ, ಉಗುರಿಗೂ ಜಗ್ಗದು. ಉಣ್ಣೆ ರೇಷ್ಮೆಯಂತೆಯೇ, ವಾಸನೆ ಇನ್ನೂ ಜೋರು.

ಹತ್ತಿ ಭಗ್ಗನೆ ಹತ್ತಿ, ಕಾಗದ ಸುಟ್ಟ ವಾಸನೆ ಬಿಟ್ಟು, ಮೆತ್ತನೆಯ ಬೂದಿಯಾಗುತ್ತದೆ. ಲಿನನ್, ರೇಯಾನ್ ಕೂಡ ಹಾಗೆಯೇ, ಮೂರೂ ಸೆಲ್ಯುಲೋಸ್, ಅಂದರೆ ಗಿಡಮರಗಳ ನಾರಿನ ಮೂಲವಸ್ತು. ಬಹಳ ಜನ ಎಡವುವುದು ಇಲ್ಲೇ, ಏಕೆಂದರೆ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಎಂದು ಮಾರುವುದು ಎಷ್ಟೋ ಸಲ ರೇಯಾನ್. ಹತ್ತಿಯೋ ರೇಯಾನೋ ತಿಳಿಯಲು ಒಂದು ಎಳೆಯ ನಡುಭಾಗ ಮಾತ್ರ ಒದ್ದೆ ಮಾಡಿ ಎರಡೂ ತುದಿ ಹಿಡಿದು ಎಳೆಯಿರಿ. ರೇಯಾನ್ ನೆನೆದರೆ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ, ಒದ್ದೆಯಾದ ಕಡೆಯೇ ಪಟ್ಟನೆ ಕಡಿಯುತ್ತದೆ. ಹತ್ತಿ ನೆನೆದಷ್ಟೂ ಗಟ್ಟಿ, ಒಣಗಿದ ಕಡೆ ತುಂಡಾಗುತ್ತದೆ.

ಒಂದೇ ಎಳೆಯಲ್ಲಿ ಎರಡು ನಾರು ಬೆರೆತಿದ್ದರೆ? ಬೂದಿ ಮೆತ್ತಗಿದ್ದೂ ನಡುವೆ ಗಟ್ಟಿ ಹರಳು ಸಿಕ್ಕರೆ ಪಾಲಿಸ್ಟರ್ ಬೆರೆತ ಹತ್ತಿ ಇರಬೇಕು. ರೇಷ್ಮೆ ಬೆರಕೆಯ ಅನುಮಾನವಿದ್ದರೆ ಗಾಜಿನ ಲೋಟದಲ್ಲಿ ಮನೆಯ ಕ್ಲೋರಿನ್ ಬ್ಲೀಚ್ ಹಾಕಿ ಎಳೆ ಮುಳುಗಿಸಿ, ಅರ್ಧ ಗಂಟೆ ಬಿಡಿ. ರೇಷ್ಮೆ, ಉಣ್ಣೆ ಕರಗಿ ಹೋಗುತ್ತವೆ. ಹತ್ತಿ, ಪಾಲಿಸ್ಟರ್ ಉಳಿಯುತ್ತವೆ. ಕಿಟಕಿ ತೆರೆದಿರಲಿ, ಬ್ಲೀಚ್‌ಗೆ ವಿನೆಗರ್ ಆಗಲಿ ಟಾಯ್ಲೆಟ್ ಕ್ಲೀನರ್ ಆಗಲಿ ಸೋಕಲೇಬಾರದು, ವಿಷದ ಗಾಳಿ ಏಳುತ್ತದೆ.

ಶೇಕಡಾ ಎಷ್ಟು ರೇಷ್ಮೆ ಎಂಬ ಲೆಕ್ಕ ಮನೆಯಲ್ಲಿ ಸಿಗದು, ಅದು ಲ್ಯಾಬ್‌ನ ಕೆಲಸ. ದುಬಾರಿ ಸೀರೆಯಾದರೆ ಕೊಳ್ಳುವಾಗಲೇ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಲೇಬಲ್ ಕೇಳಿ ಪಡೆಯಿರಿ.